ಕೂದಲು ಬಿಚ್ಚಿ ಅಂಗಳಕ್ಕೆ ಬನ್ನಿ

ಚೀನಾದವರ ಪಂಚಾಂಗದಲ್ಲಿ ವಸಂತ ಫೆಬ್ರುವರಿ 4ರ ಆಸುಪಾಸಿಗೇ ಬಂದುಬಿಡುತ್ತದೆ. ಆ ದಿನಕ್ಕೆ ಲಿಚುನ್ ಎಂದು ಹೆಸರು. ಬೀಜಿಂಗ್‌ನಲ್ಲಿ ಆಗ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಬೀದಿಬದಿಯ ಮರಗಳು ಬರಿಗೊಂಬೆಗಳಲ್ಲಿ ನಿಂತಿರುತ್ತವೆ. ಆದರೂ ಜನ ಅವತ್ತು ಹಸಿ ಮೂಲಂಗಿ ಕಚ್ಚುತ್ತಾರೆ, ತೆಳ್ಳನೆಯ ಗೋಧಿ ರೊಟ್ಟಿಯಲ್ಲಿ ಮೊಳಕೆಕಾಳು, ಎಳೆ ಸೊಪ್ಪು ಸುತ್ತಿ ತಿನ್ನುತ್ತಾರೆ. ಇದಕ್ಕೆ ಅವರ ಹೆಸರು ‘ವಸಂತವನ್ನು ಕಚ್ಚುವುದು’. ಕಣ್ಣಿಗೆ ಇನ್ನೂ ಕಾಣದ ಋತುವನ್ನು ಮೊದಲು ಹಲ್ಲಿಗೆ ಸಿಕ್ಕಿಸಿಕೊಳ್ಳುವ ಈ ಆತುರ ನನಗೆ ಬಹಳ ಇಷ್ಟ.

ಲಿಚುನ್ ಒಂಟಿ ದಿನವಲ್ಲ. ಸೂರ್ಯನ ನಡಿಗೆಯನ್ನು ನೋಡಿ ಅವರು ವರ್ಷವನ್ನು ಸುಮಾರು ಹದಿನೈದು ದಿನಗಳ 24 ತುಂಡು ಮಾಡಿಕೊಂಡಿದ್ದಾರೆ. ನಮ್ಮ ರೈತರು ಅಶ್ವಿನಿ, ಭರಣಿ, ಕೃತ್ತಿಕೆ ಎಂದು ಮಳೆ ಎಣಿಸುವ ಹಾಗೆ. 2016ರಲ್ಲಿ ಯುನೆಸ್ಕೊ ಈ ಲೆಕ್ಕವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 24ರಲ್ಲಿ ಮೊದಲ ಆರು ವಸಂತದವು. ಮೂರನೆಯದು ಜಿಂಗ್‌ಝ, ಮಾರ್ಚ್ 5ರ ಹೊತ್ತಿಗೆ ಗುಡುಗಿನ ಸದ್ದಿಗೆ ನೆಲದೊಳಗಿನ ಹುಳಹುಪ್ಪಟೆ ಎಚ್ಚರಗೊಳ್ಳುತ್ತವೆ ಎಂಬುದು ಅದರ ಅರ್ಥ. ಐದನೆಯದು ಚಿಂಗ್‌ಮಿಂಗ್, ಹಿರಿಯರ ಗೋರಿ ಗುಡಿಸುವ ದಿನ. ಆರನೆಯದು ಗುಯೂ, ಕಾಳಿನ ಮಳೆ. ಏಪ್ರಿಲ್ 20ರ ಸುಮಾರು.

ಈ ಮೂರು ತಿಂಗಳು ಆರೋಗ್ಯವಾಗಿರುವುದು ಹೇಗೆ ಎಂದು ಇಂದು ಯಾರನ್ನಾದರೂ ಕೇಳಿದರೆ ತಿನ್ನುವ, ಕುಡಿಯುವ ಪಟ್ಟಿ ಬಿಚ್ಚುತ್ತಾರೆ. ಸೇವಂತಿಗೆ ಚಹಾ, ಗೋಜಿ ಹಣ್ಣು, ಯಕೃತ್ತು ತೊಳೆಯುವ ಪುಡಿ. ನಾನು ಪಟ್ಟಿಯನ್ನು ಬದಿಗಿಟ್ಟು ಮೂಲಕ್ಕೆ ಹೋದೆ. ಚೀನೀ ವೈದ್ಯದ ಆದಿಗ್ರಂಥ ಹುವಾಂಗ್‌ಡಿ ನೈಜಿಂಗ್. ಹಳದಿ ಚಕ್ರವರ್ತಿ ಎಂಬ ಪುರಾಣಪುರುಷ ಕೇಳುತ್ತಾನೆ, ಚಿ ಬೊ ಎಂಬ ವೈದ್ಯ ಹೇಳುತ್ತಾನೆ. ಸೂತ–ಶೌನಕರ ಸಂವಾದದ ಧಾಟಿ ಅನ್ನಿ. ಕ್ರಿಸ್ತಪೂರ್ವ ಎರಡನೆಯ, ಒಂದನೆಯ ಶತಮಾನಗಳಲ್ಲಿ ಒಟ್ಟುಗೂಡಿದ್ದು ಎಂದು ವಿದ್ವಾಂಸರ ಅಂದಾಜು. ಅದರ ಎರಡನೇ ಅಧ್ಯಾಯದಲ್ಲಿ ನಾಲ್ಕು ಋತುಗಳ ದಿನಚರಿ ಇದೆ. ವಸಂತದ ಪಾಲಿಗೆ ಬಂದಿರುವುದು ಕೆಲವೇ ಸಾಲು.

ಆ ಸಾಲುಗಳಲ್ಲಿ ಊಟದ ಮಾತೇ ಇಲ್ಲ! ಕಷಾಯ ಇಲ್ಲ, ಲೇಹ್ಯ ಇಲ್ಲ, ಸೂಜಿಯೂ ಇಲ್ಲ. ರಾತ್ರಿ ತುಸು ತಡವಾಗಿ ಮಲಗಿದರೂ ಆದೀತು, ಬೆಳಗ್ಗೆ ಬೇಗ ಏಳಬೇಕು. ಅಂಗಳದಲ್ಲಿ ನಿಧಾನವಾಗಿ, ಅಗಲವಾಗಿ ಹೆಜ್ಜೆ ಹಾಕಬೇಕು. ಕಟ್ಟಿದ ಕೂದಲನ್ನು ಬಿಚ್ಚಬೇಕು, ಉಡುಪನ್ನು ಸಡಿಲಿಸಬೇಕು. ಮೈಗೆ ಹೇಳಿದ್ದು ಇಷ್ಟೇ.

ಕೂದಲ ಮಾತಿಗೆ ಬರೋಣ. ಆ ಕಾಲದ ಗಂಡಸಿಗೆ ಇಪ್ಪತ್ತರ ಹೊತ್ತಿಗೆ ಒಂದು ಸಂಸ್ಕಾರ ಆಗುತ್ತಿತ್ತು. ಕೂದಲನ್ನು ನೆತ್ತಿಯ ಮೇಲೆ ಗಂಟು ಹಾಕಿ, ಕಡ್ಡಿ ಸಿಕ್ಕಿಸಿ, ಮೇಲೆ ಟೊಪ್ಪಿಗೆ ಇಡುತ್ತಿದ್ದರು. ಅಲ್ಲಿಂದ ಮುಂದೆ ಆತ ದೊಡ್ಡವನು. ಯಾವ ದರ್ಜೆಯ ಅಧಿಕಾರಿ ಎಂಬುದು ಟೊಪ್ಪಿಗೆ ನೋಡಿದರೇ ತಿಳಿಯುತ್ತಿತ್ತು. ಕೂದಲು ಇಳಿಬಿಟ್ಟುಕೊಂಡು ಹೊರಗೆ ಬಂದವನು ಒಂದೋ ಹುಚ್ಚ, ಇಲ್ಲವೇ ಗಡಿಯಾಚೆಯ ಅನಾಗರಿಕ. ಅಂಥ ಸಮಾಜದಲ್ಲಿ ಕೂತು ವೈದ್ಯ ಹೇಳುತ್ತಿದ್ದಾನೆ, ವಸಂತದ ಬೆಳಗಿನಲ್ಲಿ ಕಡ್ಡಿ ಕಿತ್ತು ಕೂದಲು ಬಿಡು ಎಂದು. ತಲೆಯ ಮೇಲಿನ ದರ್ಜೆಯನ್ನು ಒಂದು ಗಳಿಗೆ ಕೆಳಗಿಡು ಎಂದೇ ನನಗೆ ಕೇಳಿಸುತ್ತದೆ. ಕೊರಳಲ್ಲಿ ಕಚೇರಿಯ ಗುರುತಿನ ಚೀಟಿ ತೂಗಿಸಿಕೊಂಡೇ ಬೆಳಗಿನ ವಾಕಿಂಗ್ ಮುಗಿಸುವವರನ್ನು ನಮ್ಮ ಊರಿನ ಪಾರ್ಕಿನಲ್ಲಿ ನೋಡಿದಾಗಲೆಲ್ಲ ಇದು ನೆನಪಾಗುತ್ತದೆ.

ಮೈಯಿಂದ ಮುಂದೆ ಆ ಸಾಲುಗಳು ಮನಸ್ಸಿಗೆ ಬರುತ್ತವೆ. ಹುಟ್ಟುತ್ತಿರುವುದಕ್ಕೆ ಅಡ್ಡ ಬರಬಾರದು. ಈ ಋತುವಿನಲ್ಲಿ ಕೊಲ್ಲುವ, ಕಿತ್ತುಕೊಳ್ಳುವ, ದಂಡಿಸುವ ಕೆಲಸ ಕೂಡದು, ಕೊಡುವ, ಮೆಚ್ಚುವ ಕೆಲಸ ಆಗಬೇಕು ಎಂಬುದು ಅದರ ಸಾರ. ತಪ್ಪಿ ನಡೆದರೆ ಯಕೃತ್ತಿಗೆ ಏಟು, ರೋಗ ತಲೆಯೆತ್ತುವುದು ಮಾತ್ರ ಬೇಸಿಗೆಯಲ್ಲಿ. ಸಾಲ ಒಂದು ಋತುವಿನದು, ವಸೂಲಿ ಮುಂದಿನದರಲ್ಲಿ.

ದಂಡಿಸುವ ಮಾತು ವೈದ್ಯಗ್ರಂಥದಲ್ಲಿ ಯಾಕೆ ಬಂತು? ಆರಂಭದಲ್ಲಿ ನನಗೂ ಅರ್ಥವಾಗಲಿಲ್ಲ. ಉತ್ತರ ಆ ಗ್ರಂಥದ ಕಾಲದ ಕಾನೂನಿನಲ್ಲಿದೆ. ಆಗಿನ ಹಾನ್ ಸಾಮ್ರಾಜ್ಯದಲ್ಲಿ ಮರಣದಂಡನೆ ಜಾರಿಯಾಗುತ್ತಿದ್ದುದು ಶರತ್ತು ಮತ್ತು ಚಳಿಗಾಲದಲ್ಲಿ. ಎಲೆ ಉದುರುವ ಕಾಲಕ್ಕೆ ತಲೆ ಉದುರಬಹುದು, ವಸಂತ ಬಂದರೆ ಕತ್ತಿ ಕೆಳಗಿಡಬೇಕು. ವಾಂಗ್ ವೆನ್‌ಶು ಎಂಬ ಒಬ್ಬ ಕ್ರೂರ ಅಧಿಕಾರಿಯ ಕಥೆಯನ್ನು ಇತಿಹಾಸಕಾರ ಸಿಮಾ ಚಿಯನ್ ಬರೆದಿಟ್ಟಿದ್ದಾನೆ. ಈತ ತನ್ನ ಸೀಮೆಯಲ್ಲಿ ಹಿಡಿದು ಕೊಲ್ಲಿಸುವ ಕೆಲಸವನ್ನು ಭರದಿಂದ ನಡೆಸಿದ್ದ. ಇನ್ನೂ ಕೆಲವರು ಉಳಿದಿರುವಾಗಲೇ ವಸಂತ ಬಂದುಬಿಟ್ಟಿತು. ಚಳಿಗಾಲ ಇನ್ನೊಂದು ತಿಂಗಳು ಇದ್ದಿದ್ದರೆ ತನ್ನ ಕೆಲಸ ಪೂರೈಸುತ್ತಿತ್ತಲ್ಲ ಎಂದು ಆತ ನೆಲಕ್ಕೆ ಕಾಲು ಅಪ್ಪಳಿಸಿ ನಿಟ್ಟುಸಿರು ಬಿಟ್ಟನಂತೆ. ಪಂಚಾಂಗ ಕೆಲವರ ಕತ್ತು ಉಳಿಸಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇನ್ನೊಂದು ಸಾಕ್ಷಿ ಗೋಡೆಯ ಮೇಲಿದೆ. ಗಾನ್ಸು ಪ್ರಾಂತದ ಡುನ್‌ಹುವಾಂಗ್ ಬಳಿ, ಮರಳುಗಾಡಿನಂಚಿನಲ್ಲಿ, ಶುವಾನ್‌ಚುವಾನ್ ಎಂಬ ಹಳೆಯ ಅಂಚೆ ಠಾಣೆ. ರಾಜದೂತರು ಕುದುರೆ ಬದಲಾಯಿಸುತ್ತಿದ್ದ ಜಾಗ. 1990ರ ದಶಕದ ಆರಂಭದ ಉತ್ಖನನದಲ್ಲಿ ಅಲ್ಲೊಂದು ಗೋಡೆಬರಹ ಸಿಕ್ಕಿತು. ಕ್ರಿಸ್ತಶಕ 5ನೇ ವರ್ಷದ ರಾಜಾಜ್ಞೆ. ಯಾವ ತಿಂಗಳಲ್ಲಿ ಏನು ಮಾಡಬೇಕು, ಏನು ಕೂಡದು ಎಂಬ 50 ಕಲಮು. ವಸಂತದ ಮೊದಲ ತಿಂಗಳಿಗೆ ಮರ ಕಡಿಯಬಾರದು, ಗೂಡು ಕೆಡವಬಾರದು, ಪ್ರಾಣಿಗಳ ಎಳೆಮರಿಗಳನ್ನು ಕೊಲ್ಲಬಾರದು, ಮೊಟ್ಟೆ ಮುಟ್ಟಬಾರದು ಎಂದಿದೆ. ಗೂಡಿನ ಕಲಮಿಗೆ ಒಂದು ವಿವರಣೆಯನ್ನೂ ಬರೆದಿದ್ದಾರೆ: ಬರಿದಾದ ಗೂಡಾದರೆ ಬೇಸಿಗೆ ಮುಗಿಯುವವರೆಗೆ ನಿಷೇಧ, ಒಳಗೆ ಹಕ್ಕಿ ಇದ್ದರೆ ವರ್ಷವಿಡೀ ನಿಷೇಧ. ಎರಡು ಸಾವಿರ ವರ್ಷದ ಹಿಂದಿನ ಒಬ್ಬ ಗುಮಾಸ್ತ ಖಾಲಿ ಗೂಡು, ತುಂಬಿದ ಗೂಡು ಎಂದು ಬೇರ್ಪಡಿಸಿ ನೋಡಿದ್ದಾನಲ್ಲ! ಸರಕಾರಿ ಸುತ್ತೋಲೆಗಳನ್ನು ಓದಿ ಓದಿ ಬೇಸತ್ತ ನಾನು ಈ ಒಂದು ಸುತ್ತೋಲೆಗೆ ಮನಸೋತಿದ್ದೇನೆ.

ಹಾಗಾಗಿ ವಸಂತದ ಆರೋಗ್ಯ ಎಂದರೆ ಅವರಿಗೆ ಒಬ್ಬೊಬ್ಬರ ಹೊಟ್ಟೆಯ ಸಂಗತಿಯಾಗಿರಲಿಲ್ಲ. ಮೈ, ಮನೆ, ಕಾಡು, ಸೆರೆಮನೆ ಎಲ್ಲಕ್ಕೂ ಒಂದೇ ಪಥ್ಯ. ಚಿಗುರುತ್ತಿರುವುದರ ಮೇಲೆ ಕೈ ಮಾಡಬೇಡ ಎಂಬುದೇ ಆ ಪಥ್ಯ.

ಇನ್ನು ಯಕೃತ್ತಿನ ವಿಷಯ. ಚೀನೀ ವೈದ್ಯದಲ್ಲಿ ಐದು ತತ್ತ್ವ: ಮರ, ಬೆಂಕಿ, ಮಣ್ಣು, ಲೋಹ, ನೀರು. ವಸಂತ ಮರದ ಋತು. ಮರದ ಅಂಗ ಯಕೃತ್ತು, ದಿಕ್ಕು ಮೂಡಣ, ಬಣ್ಣ ಹಸಿರು, ರುಚಿ ಹುಳಿ, ಹವೆ ಗಾಳಿ, ಭಾವ ಸಿಟ್ಟು, ಇಂದ್ರಿಯ ಕಣ್ಣು. ನಮ್ಮ ಲ್ಯಾಬಿನವರು ಎಸ್‌ಜಿಪಿಟಿ ಅಳೆಯುವ ಲಿವರ್ ಇದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಅವರ ‘ಗಾನ್’ ಅಂಗಕ್ಕಿಂತ ಹೆಚ್ಚಾಗಿ ಒಂದು ಹುದ್ದೆ. ಮೈಯ ರಾಜ್ಯದಲ್ಲಿ ಅದು ಸೇನಾಪತಿ ಎಂದು ಅದೇ ನೈಜಿಂಗ್ ಬಣ್ಣಿಸುತ್ತದೆ. ಚೈತನ್ಯ ಎಲ್ಲೂ ಕಟ್ಟಿಕೊಳ್ಳದೆ ಹರಿಯುವಂತೆ ನೋಡಿಕೊಳ್ಳುವುದು ಸೇನಾಪತಿಯ ಕೆಲಸ. ದಾರಿ ಕಟ್ಟಿತೋ, ಸಿಟ್ಟು.

ಈ ಹೊಂದಾಣಿಕೆಗಳಲ್ಲಿ ಕೆಲವು ಕಣ್ಣಾರೆ ಕಂಡು ಕಟ್ಟಿದವು. ವಸಂತದ ಗಾಳಿಯಲ್ಲಿ ಕಣ್ಣು ತುರಿಸುತ್ತದೆ ಎಂಬುದನ್ನೇ ನೋಡಿ. ಏಪ್ರಿಲ್‌ನ ಬೀಜಿಂಗ್‌ನಲ್ಲಿ ಪಾಪ್ಲರ್ ಮತ್ತು ನೀರಂಜಿಯಂಥ ವಿಲ್ಲೊ ಮರಗಳ ಬೀಜದ ಹತ್ತಿ ಹಿಮದ ಹಾಗೆ ಹಾರಾಡುತ್ತದೆ, ಪರಾಗ ತುಂಬಿದ ಗಾಳಿಗೆ ಊರಿಗೆ ಊರೇ ಸೀನುತ್ತದೆ. ಗಾಳಿ, ಕಣ್ಣು, ವಸಂತ ಮೂರನ್ನೂ ಹಳಬರು ಸರಿಯಾಗಿಯೇ ಜೋಡಿಸಿದ್ದರು. ನಡುವೆ ಯಕೃತ್ತನ್ನು ತಂದದ್ದು ಮಾತ್ರ ಸಿದ್ಧಾಂತದ ಹಟ. ಈಗಿನ ಡಾಕ್ಟರು ಆ ತುರಿಕೆಗೆ ಅಲರ್ಜಿ ಎಂದು ಮಾತ್ರೆ ಕೊಡುತ್ತಾರೆ, ನಾನಾದರೆ ಮಾತ್ರೆಯನ್ನೇ ನುಂಗುತ್ತೇನೆ.

ಸಿಟ್ಟಿಗೆ ಅವರು ಕೊಟ್ಟ ಮದ್ದು ನನಗೆ ಹಿಡಿಸಿತು. ಬೀಜಿಂಗ್‌ನ ಟಿಯನ್‌ತಾನ್ ಪಾರ್ಕಿನಂಥ ಜಾಗಗಳಲ್ಲಿ ಬೆಳಗ್ಗೆ ವಯಸ್ಸಾದವರು ಗುಂಪಾಗಿ ಬಾದುವಾನ್‌ಜಿನ್ ಮಾಡುತ್ತಾರೆ. ಎಂಟು ತುಂಡಿನ ಜರತಾರಿ ಬಟ್ಟೆ ಎಂದು ಆ ವ್ಯಾಯಾಮದ ಹೆಸರಿನ ಅರ್ಥ. ಈಗ ಬಳಕೆಯಲ್ಲಿರುವ ಕ್ರಮದಲ್ಲಿ ಏಳನೆಯದು ಯಕೃತ್ತಿಗೆ ಮೀಸಲು. ಕುದುರೆ ಏರಿದವರ ಹಾಗೆ ಕಾಲು ಅಗಲಿಸಿ ಕೂರಬೇಕು. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿ ಸೊಂಟದ ಪಕ್ಕ ಇಟ್ಟುಕೊಳ್ಳಬೇಕು. ಆಮೇಲೆ ಒಂದು ಮುಷ್ಟಿಯನ್ನು ನಿಧಾನವಾಗಿ, ಬೆಣ್ಣೆಯೊಳಗೆ ಕೈ ತೂರಿದಷ್ಟು ನಿಧಾನವಾಗಿ, ಮುಂದಕ್ಕೆ ಚಾಚಬೇಕು. ಕಣ್ಣು ಅರಳಿಸಿ ಆ ಮುಷ್ಟಿಯನ್ನೇ ದುರುಗುಟ್ಟಬೇಕು. ಕೊನೆಗೆ ಬೆರಳು ಬಿಚ್ಚಿ, ಮಣಿಕಟ್ಟು ತಿರುಗಿಸಿ, ಏನನ್ನೋ ಹಿಡಿದವರ ಹಾಗೆ ಮತ್ತೆ ಮುಷ್ಟಿ ಕಟ್ಟಿ ಹಿಂದಕ್ಕೆ ಎಳೆದುಕೊಳ್ಳಬೇಕು. ಸಿಟ್ಟನ್ನು ನುಂಗು ಎನ್ನುವುದಿಲ್ಲ, ಯಾರ ಮೇಲೂ ಹಾಯಿಸದೆ ಗಾಳಿಗೆ ತೋರಿಸಿ ಮುಗಿಸು ಎನ್ನುತ್ತದೆ. ನಾನೂ ತಾರಸಿಯ ಮೇಲೆ ಮಾಡಿ ನೋಡಿದ್ದೇನೆ. ಬಟ್ಟೆ ಒಣಹಾಕಲು ಬಂದ ಕೆಳಮನೆಯ ಅಜ್ಜಿ ‘ಯಾರ ಮೇಲಪ್ಪಾ ಇಷ್ಟು ಸಿಟ್ಟು?’ ಎಂದರು. ನಗು ಬಂತು, ಯಕೃತ್ತಿಗೆ ಅಷ್ಟು ಸಾಕಾಗಿರಬೇಕು.

ಊಟದ ಮಾತು ಆಮೇಲಿನ ಕಾಲದ್ದು. ಏಳನೇ ಶತಮಾನದ ಮಹಾವೈದ್ಯ ಸುನ್ ಸಿಮಿಯಾವೊ ವಸಂತದಲ್ಲಿ ಹುಳಿ ತಗ್ಗಿಸಿ ಸಿಹಿ ಹೆಚ್ಚಿಸಬೇಕೆಂದ. ತರ್ಕ ಸರಳ. ಹುಳಿ ಯಕೃತ್ತಿನ ರುಚಿ. ಈ ಋತುವಿನಲ್ಲಿ ಯಕೃತ್ತು ಹೇಗೂ ಬಲಿತಿರುತ್ತದೆ. ಮರ ಮಣ್ಣನ್ನು ಹೀರುವಂತೆ ಅದು ಜೀರ್ಣಕ್ಕೆ ಕಾರಣವಾದ ಗುಲ್ಮವನ್ನು, ಅಂದರೆ ಮಣ್ಣಿನ ಅಂಗವನ್ನು, ಹಿಂಡುತ್ತದೆ. ಆದ್ದರಿಂದ ಮಣ್ಣಿಗೆ ಗೊಬ್ಬರ ಹಾಕು, ಅದರ ರುಚಿ ಸಿಹಿ. ಸಿಹಿ ಎಂದರೆ ಜಿಲೇಬಿ ಅಲ್ಲ. ಹೆಗ್ಗೆಣಸು, ಕೆಂಪು ಬೋರೆಹಣ್ಣು, ನವಣೆ ಗಂಜಿ.

ಇಲ್ಲಿ ನಮ್ಮ ಚರಕ ಅಡ್ಡ ಬರುತ್ತಾನೆ. ಚರಕಸಂಹಿತೆಯ ಸೂತ್ರಸ್ಥಾನದ ಆರನೇ ಅಧ್ಯಾಯದಲ್ಲಿ ಋತುಚರ್ಯೆ ಇದೆ. ಚಳಿಗಾಲದಲ್ಲಿ ಶೇಖರವಾದ ಕಫ ವಸಂತದ ಬಿಸಿಲಿಗೆ ಕರಗಿ ಜಠರಾಗ್ನಿಯನ್ನು ಕೆಡಿಸುತ್ತದೆ, ಆದ್ದರಿಂದ ಜೀರ್ಣಕ್ಕೆ ಭಾರವಾದದ್ದು, ಹುಳಿ, ಜಿಡ್ಡು ಬಿಡಬೇಕು, ಸಿಹಿಯನ್ನೂ ಬಿಡಬೇಕು, ಹಗಲು ನಿದ್ದೆ ಕೂಡದು, ಜವೆ ಗೋಧಿ ತಿನ್ನಬೇಕು, ವ್ಯಾಯಾಮ ಮಾಡಬೇಕು ಎಂದು ಅಲ್ಲಿದೆ. ಹುಳಿ ಬೇಡ ಎಂಬಲ್ಲಿ ಇಬ್ಬರೂ ಒಂದು, ಸಿಹಿಯಲ್ಲಿ ಜಗಳ. ಯಾರು ಸರಿ? ಅವರವರ ಊರಿಗೆ ಅವರವರು ಸರಿ ಎಂದೇ ನನ್ನ ತೀರ್ಪು. ಉತ್ತರ ಚೀನಾದ ವಸಂತಕ್ಕೆ ಮೊದಲು ಇರುವುದು ಕಣಜ ಬರಿದಾದ, ಮೈ ಒಣಗಿದ ದೀರ್ಘ ಚಳಿ. ನಮ್ಮ ಹೇಮಂತವೋ, ಹಸಿವು ಚೆನ್ನಾಗಿರುತ್ತದೆ ಎಂದು ಶಾಸ್ತ್ರವೇ ಒಪ್ಪಿಗೆ ಕೊಟ್ಟು ಎಳ್ಳು, ಬೆಲ್ಲ, ತುಪ್ಪ ತಿನ್ನಿಸಿದ ಕಾಲ. ಅಲ್ಲಿನವರಿಗೆ ತುಂಬಿಕೊಳ್ಳುವುದು ಬೇಕು, ಇಲ್ಲಿನವರಿಗೆ ಇಳಿಸಿಕೊಳ್ಳುವುದು ಬೇಕು. ವಸಂತದಲ್ಲಿ ಬೆಚ್ಚನೆಯ ಬಟ್ಟೆ ಬೇಗ ಕಳಚಬೇಡ ಎಂಬುದು ಚೀನೀಯರ ಇನ್ನೊಂದು ಗಾದೆ. ಮಾರ್ಚ್ ತಿಂಗಳ ರಾಯಚೂರಿನಲ್ಲಿ ಅದನ್ನು ಪಾಲಿಸಿ ನೋಡಿ!

ಎರಡೂ ನಾಡು ಒಂದಾಗುವ ಜಾಗ ಅಡುಗೆಮನೆ. ಮಾರ್ಚ್–ಏಪ್ರಿಲ್‌ನಲ್ಲಿ ಚೀನಾದ ಸಂತೆಗಳಿಗೆ ಶಿಯಾಂಗ್‌ಚುನ್ ಎಂಬ ಮರದ ಚಿಗುರು ಬರುತ್ತದೆ. ಗೇಣುದ್ದದ ಕೆನ್ನೇರಳೆ ಕುಡಿಗಳು, ಚಿಕ್ಕ ಕಟ್ಟು, ದೊಡ್ಡ ಬೆಲೆ. ಕೈಯಲ್ಲಿ ತಿಕ್ಕಿದರೆ ಈರುಳ್ಳಿ ಬೆಳ್ಳುಳ್ಳಿ ಬೆರೆತ ಘಾಟು. ಕುದಿವ ನೀರಿಗೆ ಹಾಕಿದ ಕೂಡಲೇ ಕೆಂಪು ಹೋಗಿ ಹಸಿರಾಗುತ್ತದೆ. ಹಸಿ ಚಿಗುರಿನಲ್ಲಿ ನೈಟ್ರೈಟ್ ಇರುವುದರಿಂದ ಹೀಗೆ ಬಾಡಿಸದೆ ತಿನ್ನಬಾರದು. ನೀರು ಹಿಂಡಿ, ಸಣ್ಣಗೆ ಹೆಚ್ಚಿ, ಒಡೆದ ಮೊಟ್ಟೆಗೆ ಕಲಸಿ ಬಾಣಲೆಗೆ ಹುಯ್ಯುತ್ತಾರೆ. ಗುಯೂ ಕಳೆದರೆ ಚಿಗುರಿಗೆ ನಾರು ಕೂಡಿ ಸೌದೆಯಾಗುತ್ತದೆ. ಈ ಮರ ಸಸ್ಯಶಾಸ್ತ್ರದ ಲೆಕ್ಕದಲ್ಲಿ ನಮ್ಮ ಬೇವಿನ ಕುಟುಂಬದ್ದೇ. ಒಂದೇ ಮನೆತನದ ಎರಡು ಮರಗಳು. ಒಂದರ ಕುಡಿ ಅಲ್ಲಿ ಮೊಟ್ಟೆಯ ಜೊತೆ, ಇನ್ನೊಂದರದ್ದು ಇಲ್ಲಿ ಬೆಲ್ಲದ ಜೊತೆ, ಹೆಚ್ಚುಕಡಿಮೆ ಅದೇ ದಿನಗಳಲ್ಲಿ.

ಹೊತ್ತು ಮೀರಿದರೆ ಮದ್ದೂ ಸೌದೆ ಎಂಬುದಕ್ಕೆ ಯಿನ್‌ಚೆನ್ ಎಂಬ ಗಿಡದ ಕಥೆಯನ್ನೂ ಹೇಳುತ್ತಾರೆ. ಕಾಮಾಲೆಗೆ ಹಳಬರು ಕೊಡುತ್ತಿದ್ದ, ಮಾಚಿಪತ್ರೆಯ ಜಾತಿಯ ಗಿಡ. ವೈದ್ಯ ಹುವಾ ತುವೊ ಕೈಬಿಟ್ಟ ಕಾಮಾಲೆ ರೋಗಿಯೊಬ್ಬ ಬರಗಾಲದಲ್ಲಿ ಇದರ ಎಳೆ ಕುಡಿ ತಿಂದು ಚೇತರಿಸಿಕೊಂಡನಂತೆ. ಹುವಾ ತುವೊ ಅದನ್ನೇ ಕಿತ್ತು ಬೇರೆ ರೋಗಿಗಳಿಗೆ ಕೊಟ್ಟರೆ ಫಲವಿಲ್ಲ. ವಿಚಾರಿಸಿದಾಗ ಗೊತ್ತಾಯಿತು, ಆತ ತಿಂದದ್ದು ವಸಂತದ ಚಿಗುರು, ಈತ ಕಿತ್ತದ್ದು ಬಲಿತ ಗಿಡ. ಇದು ದಂತಕಥೆಯೇ ಹೌದು, ಆದರೆ ರೋಗಿಯಿಂದ ಕಲಿತ ವೈದ್ಯನ ಕಥೆಗಳು ನಮಗೆ ಇನ್ನಷ್ಟು ಬೇಕು.

ಮಾರುಕಟ್ಟೆ ಇದನ್ನೆಲ್ಲ ತಿರುವಿ ಹಾಕಿದೆ. ವಸಂತದಲ್ಲಿ ಹುಟ್ಟುತ್ತಿರುವುದಕ್ಕೆ ಅಡ್ಡ ಬರಬೇಡ ಎಂದ ಶಾಸ್ತ್ರದ ಹೆಸರಿನಲ್ಲೇ ಯಕೃತ್ತನ್ನು ತೊಳೆ, ಉಜ್ಜು, ಖಾಲಿ ಮಾಡು ಎನ್ನುವ ಡಬ್ಬಿಗಳು ಬಂದಿವೆ. ಹೆ ಶೋ ವು ಎಂಬ ಬೇರು ಕೂದಲು ಕಪ್ಪಾಗಿಸುತ್ತದೆ, ಯಕೃತ್ತಿಗೆ ಬಲ ಕೊಡುತ್ತದೆ ಎಂದು ಶತಮಾನಗಳಿಂದ ಹೆಸರು ಮಾಡಿದ್ದು. ಅದನ್ನು ಸೇವಿಸಿದವರಲ್ಲಿ ಯಕೃತ್ತೇ ಕೆಟ್ಟ ಪ್ರಕರಣಗಳು ಬೇಕಾದಷ್ಟು ದಾಖಲಾಗಿವೆ, ಚೀನಾದ ಔಷಧ ನಿಯಂತ್ರಕರೇ ಎಚ್ಚರಿಕೆ ಕೊಟ್ಟಿದ್ದಾರೆ. ಆನ್‌ಲೈನ್‌ನಲ್ಲಿ ಅದು ನಮ್ಮ ಮನೆಬಾಗಿಲಿಗೂ ಬರುತ್ತದೆ. ಗಿಡಮೂಲಿಕೆ ಅಲ್ಲವೇ, ಏನಾಗುತ್ತದೆ ಎನ್ನಬೇಡಿ. ಕಣ್ಣು ಹಳದಿಯಾಗಿ ಮೂತ್ರ ಗಾಢವಾದರೆ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಡಾಕ್ಟರ ಬಳಿ ಹೋಗಿ.

ಬೇಗ ಏಳುವುದು, ನಡೆಯುವುದು, ಕೂದಲು ಬಿಚ್ಚುವುದು ಇವಕ್ಕೆ ಡಬ್ಬಿ ಬೇಡ, ಯಾರೂ ಮಾರುವುದೂ ಇಲ್ಲ. ಶುವಾನ್‌ಚುವಾನ್ ಗೋಡೆಯ ಮೇಲಿನ, ಮರ ಕಡಿಯಬಾರದೆಂಬ ಕಲಮನ್ನಂತೂ ನಾವೂ ಪಾಲಿಸಬಹುದು. ಯುಗಾದಿಯ ಹಿಂದಿನ ಸಂಜೆ ನಮ್ಮ ಬೀದಿಯ ಬೇವಿನ ಮರಕ್ಕೆ ಕುಡುಗೋಲು ಕಟ್ಟಿದ ದೋಟಿ ಹಿಡಿದು ಜನ ಬರುತ್ತಾರೆ. ತೋಳು ಗಾತ್ರದ ಕೊಂಬೆಗಳು ಬೀಳುತ್ತವೆ, ಮರುದಿನ ಅರ್ಧಕ್ಕರ್ಧ ಕಸದ ಗಾಡಿಗೆ ಹೋಗುತ್ತವೆ. ಬಟ್ಟಲಿಗೆ ಬೇಕಿರುವುದು ಹೂವಿರುವ ಒಂದು ಗೊಂಚಲು, ಬಾಗಿಲಿಗೆ ನಾಲ್ಕು ಗರಿ. ಈ ಸಲ ಅಷ್ಟನ್ನೇ ಚಿವುಟಿಕೊಳ್ಳಿ. ಗೂಡಿರುವ ಕೊಂಬೆಯ ಹತ್ತಿರ ದೋಟಿ ಒಯ್ಯಬೇಡಿ.